ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಆ ವಿಡಿಯೋವನ್ನು ನಮ್ಮ ಭಾವನಿಗೆ ಕಳಿಸಿದವನು ನಾನೇ. ಬೇರೆಯವರನ್ನು ಬೈಯುವ ಮೊದಲು ಇದನ್ನು ಒಪ್ಪಿಕೊಂಡುಬಿಡುತ್ತೇನೆ.

ಗಣೇಶನ ಹಬ್ಬದ ಹೊತ್ತಿಗೆ ಅದು ಪುಣೆಯ ನಮ್ಮ ಸೊಸೈಟಿಯ ಕನ್ನಡದವರ ವಾಟ್ಸಾಪ್ ಗುಂಪಿಗೆ ಬಂದಿತ್ತು. ಮೂರು ನಿಮಿಷದ ವಿಡಿಯೋ, ಹೆಗಲು ಬಿಗಿತಕ್ಕೆ ಜಪಾನಿ ಉಪಾಯ ಎಂಬ ತಲೆಬರಹ. ಕೈ ತೊಳೆದುಕೊಂಡು ತೋರುಬೆರಳನ್ನು ಬಾಯೊಳಗಿಡಿ, ಹಿಂದಿನ ದವಡೆ ಹಲ್ಲಿನ ಮೇಲಿರುವ ಒಸಡಿನಿಂದ ಶುರುಮಾಡಿ, ಸಣ್ಣ ಸಣ್ಣ ಸುತ್ತು ಹಾಕುತ್ತ ಮುಂದಕ್ಕೆ ಬನ್ನಿ, ಮೇಲೆ ಎರಡು ನಿಮಿಷ, ಕೆಳಗೆ ಎರಡು ನಿಮಿಷ, ಆಮೇಲೆ ಹೆಗಲು ಆಡಿಸಿ ನೋಡಿ, ಹಗುರಾಗಿರುತ್ತದೆ. ನಾನು ಮಾಡಿ ನೋಡಿದೆ. ಹಗುರಾಗಿತ್ತು. ಡೊಂಬಿವಿಲಿಯಲ್ಲಿರುವ ಭಾವ ಆಗ ಒಂದು ತಿಂಗಳಿಂದ ಬಲ ಹೆಗಲು ಹಿಡಿದುಕೊಂಡಿದೆ ಎಂದು ಒದ್ದಾಡುತ್ತಿದ್ದರು. ಲೋಕಲ್ ರೈಲಿನಲ್ಲಿ ಮೇಲಿನ ಹಿಡಿಕೆಗೆ ಕೈ ಎಟುಕಿಸಲು ಆಗುವುದಿಲ್ಲ ಎನ್ನುತ್ತಿದ್ದರು. ಕಳಿಸಿದೆ.

ಭಾವ ಶಿಸ್ತಿನ ಮನುಷ್ಯ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ತಪ್ಪದೆ ನಾಲ್ಕು ತಿಂಗಳು ಒಸಡು ತಿಕ್ಕಿದರು. ಫೋನ್ ಮಾಡಿದಾಗಲೆಲ್ಲ ನಾನು ಕೇಳುತ್ತಿದ್ದೆ, "ಹೆಗಲು ಹೇಗಿದೆ ಭಾವ?" "ಇದೆ ಕಣೋ, ಇದ್ದಲ್ಲೇ ಇದೆ. ಸ್ವಲ್ಪ ಒಸಡಲ್ಲಿ ರಕ್ತ ಬರ್ತಿದೆ. ಕೆಟ್ಟ ರಕ್ತ ಹೋದರೆ ಹೋಗಲಿ ಬಿಡು." ಸಂಕ್ರಾಂತಿಯ ಹೊತ್ತಿಗೆ ಕೆಳಗಿನ ಎರಡು ಹಲ್ಲು ಅಲ್ಲಾಡತೊಡಗಿದವು. ಅಕ್ಕ ಬಲವಂತ ಮಾಡಿ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆ ಚಿಕ್ಕ ವಯಸ್ಸಿನ ಡಾಕ್ಟರು ಬಾಯಿ ನೋಡಿದವರೇ ಕೇಳಿದ್ದು ಹಲ್ಲಿನ ಪ್ರಶ್ನೆ ಅಲ್ಲ: ಶುಗರ್ ಪರೀಕ್ಷೆ ಮಾಡಿಸಿ ಎಷ್ಟು ವರ್ಷವಾಯಿತು? ಮಾಡಿಸಿಯೇ ಇರಲಿಲ್ಲ. ಮಾಡಿಸಿದಾಗ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 9.6 ಬಂತು. 6.5 ದಾಟಿದರೆ ಮಧುಮೇಹ ಎಂದು ಲೆಕ್ಕ. ಅಲ್ಲಿಂದ ಮೂಳೆ ಡಾಕ್ಟರ ಹತ್ತಿರ. ಭಾವನ ಹೆಗಲಿಗೆ ಆಗಿದ್ದು ಸ್ನಾಯುಗಳ ಬಿಗಿತವೇ ಅಲ್ಲ, ಫ್ರೋಜನ್ ಶೋಲ್ಡರ್. ಅದೂ ಸಕ್ಕರೆಯ ಜೊತೆ ನಂಟಿರುವ ಕಾಯಿಲೆಯೇ.

ನಮ್ಮ ಕಡೆ ಒಂದು ಗಾದೆಯಿದೆ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹೆಗಲು ನೋವಿಗೆ ಒಸಡು ತಿಕ್ಕುವುದು ಆ ಜಾತಿಯ ವೈದ್ಯ. ತಿಕ್ಕುವುದರಿಂದ ಯಾರೂ ಸಾಯುವುದಿಲ್ಲ, ನನಗೆ ಗೊತ್ತು. ನನ್ನ ತಕರಾರು ಬೇರೆ. ಈ ಉಪಾಯ ಎರಡು ಜಾಗದಿಂದ ಬರುವ ಎರಡು ದೂರುಗಳ ಬಾಯಿ ಮುಚ್ಚಿಸುತ್ತದೆ. ರಕ್ತ ಬರುವ ಒಸಡು ಏನೋ ಹೇಳುತ್ತಿರುತ್ತದೆ, ಎತ್ತಲಾಗದ ಹೆಗಲು ಏನೋ ಹೇಳುತ್ತಿರುತ್ತದೆ. ಎರಡನ್ನೂ ಒಂದಕ್ಕೊಂದು ಮದ್ದು ಮಾಡಿಕೊಂಡು ನಾವು ಕೇಳಿಸಿಕೊಳ್ಳದೆ ಕೂರುತ್ತೇವೆ. ಊರಿಂದ ದೂರ, ಮನೆ ಡಾಕ್ಟರು ಎಂಬವರೇ ಇಲ್ಲದೆ, ವಾಟ್ಸಾಪನ್ನೇ ಮನೆ ಡಾಕ್ಟರು ಮಾಡಿಕೊಂಡಿರುವ ನಮ್ಮಂಥವರಲ್ಲಿ ಇದು ಸಣ್ಣ ತಪ್ಪಲ್ಲ.

ಮೊದಲು ಈ ಉಪಾಯದ ತವರಿನಿಂದ ಶುರುಮಾಡೋಣ. ಜಪಾನಿನವರಿಗೆ ಹೆಗಲ ಬಿಗಿತ ನಮಗಿಂತ ದೊಡ್ಡ ವಿಷಯ. ಅದಕ್ಕೆ ಅವರಲ್ಲಿ ಪ್ರತ್ಯೇಕ ಹೆಸರೇ ಇದೆ: ಕತಾಕೋರಿ. ಕತ್ತಿನ ಬುಡದಿಂದ ಹೆಗಲ ತುದಿಯವರೆಗೆ ಮಾಂಸ ಗಂಟುಕಟ್ಟಿದಂತೆ ಆಗುವುದಕ್ಕೆ ಈ ಹೆಸರು. ನಾವು ಕತ್ತು ಹಿಡಿದಿದೆ, ಹೆಗಲು ಬಿಗಿದಿದೆ, ರಟ್ಟೆ ಸೆಳೆಯುತ್ತಿದೆ ಎಂದು ಮೂರು ಮಾತಿನಲ್ಲಿ ಹೇಳುವುದನ್ನು ಅವರು ಒಂದೇ ಪದದಲ್ಲಿ ಹೇಳುತ್ತಾರೆ. ನತ್ಸುಮೆ ಸೋಸೆಕಿ 1910ರಲ್ಲಿ ಬರೆದ 'ಮೊನ್' ಕಾದಂಬರಿಯಲ್ಲಿ ಹೆಂಡತಿಯ ಹೆಗಲು ಕಲ್ಲಿನ ಹಾಗೆ ಗಟ್ಟಿಯಾಗಿ, ಗಂಡ ಒತ್ತಿಕೊಡುವ ಸನ್ನಿವೇಶವಿದೆ. ಈ ಮಾತು ಜನರ ಬಾಯಿಗೆ ಬಂದದ್ದು ಅಲ್ಲಿಂದಲೇ ಎಂದು ಜಪಾನಿನಲ್ಲಿ ಹಲವರು ಹೇಳುತ್ತಾರೆ. ಅಲ್ಲಿನ ಸರ್ಕಾರ ಮನೆಮನೆಗಳಲ್ಲಿ ನಡೆಸುವ ಆರೋಗ್ಯ ಸಮೀಕ್ಷೆಯಲ್ಲಿ ಜನ ಹೇಳಿಕೊಳ್ಳುವ ತೊಂದರೆಗಳ ಪಟ್ಟಿಯ ತುದಿಯಲ್ಲಿ ವರ್ಷಾನುಗಟ್ಟಲೆ ನಿಂತಿರುವುದು ಎರಡು: ಸೊಂಟ ನೋವು ಮತ್ತು ಈ ಕತಾಕೋರಿ.

ಇಷ್ಟೊಂದು ಜನರಿಗಿರುವ ತೊಂದರೆಗೆ ಸಾವಿರ ಉಪಾಯ ಹುಟ್ಟುವುದು ಸಹಜ. ಬಿಸಿ ಪಟ್ಟಿ, ಸೂಜಿ, ಒತ್ತುವ ಯಂತ್ರ, ಸ್ನಾನದ ಉಪ್ಪು. ಆ ಸಾಲಿನಲ್ಲಿ ಒಸಡಿನ ಮಸಾಜೂ ಒಂದು. ಹಲ್ಲಿನ ಆರೈಕೆಯಲ್ಲಿ ಜಪಾನ್ ದೊಡ್ಡ ಕೆಲಸ ಮಾಡಿದ ದೇಶ. 80ನೇ ವಯಸ್ಸಿನಲ್ಲೂ ಬಾಯಲ್ಲಿ 20 ಸ್ವಂತ ಹಲ್ಲು ಉಳಿದಿರಬೇಕು ಎಂಬ '8020' ಚಳವಳಿಯನ್ನು ಅವರು ಶುರುಮಾಡಿದ್ದು 1989ರಲ್ಲಿ. ಬಾಯಿಯನ್ನು ಅಷ್ಟು ಗೌರವಿಸುವ ನಾಡಿನಲ್ಲಿ ಒಸಡಿಗೆ ಬೆರಳಾಡಿಸುವುದು ವಿಚಿತ್ರವಲ್ಲ. ಒಸಡು ತಿಕ್ಕಿದರೆ ಹೆಗಲು ಸಡಿಲ ಎಂಬ ಜಿಗಿತ ಮಾತ್ರ ವಿಚಿತ್ರ. ಅದು ಜಪಾನಿನಿಂದ ಹೊರಟು ಕನ್ನಡದ ಧ್ವನಿ ಅಂಟಿಸಿಕೊಂಡು ನಮ್ಮ ಫೋನಿಗೆ ಬರುವಷ್ಟರಲ್ಲಿ 'ಉಪಾಯಗಳಲ್ಲಿ ಒಂದು' ಎನ್ನುವುದು ಹೋಗಿ 'ಏಕೈಕ ರಹಸ್ಯ' ಆಗಿರುತ್ತದೆ.

ಈಗ ಅವರ ತರ್ಕವನ್ನು ನ್ಯಾಯವಾಗಿ ನೋಡೋಣ. ದವಡೆಯ ಸ್ನಾಯು ಬಿಗಿದರೆ ಕತ್ತು ಬಿಗಿಯುತ್ತದೆ, ಕತ್ತು ಬಿಗಿದರೆ ಹೆಗಲು ಬಿಗಿಯುತ್ತದೆ. ಒಸಡನ್ನು ಒತ್ತಿದರೆ ಈ ಸರಪಳಿ ಮೇಲಿನಿಂದಲೇ ಸಡಿಲವಾಗುತ್ತದೆ ಎನ್ನುತ್ತಾರೆ. ಇದರಲ್ಲಿ ನಿಜದ ಅಂಶವಿದೆ. ಒಸಡು, ಹಲ್ಲು, ಮುಖದ ಸ್ಪರ್ಶ ಮತ್ತು ನೋವನ್ನು ಒಯ್ಯುವುದು ಟ್ರೈಜೆಮಿನಲ್ ಎಂಬ ನರ. ಅದರ ನೋವಿನ ತಂತುಗಳು ಮಿದುಳಿನ ಕಾಂಡದಿಂದ ಇಳಿದು ಕತ್ತಿನ ಮೇಲ್ಭಾಗದ ಬೆನ್ನುಹುರಿಯವರೆಗೂ ಬರುತ್ತವೆ. ಕತ್ತಿನ ಮೊದಲ ಎರಡು ಮೂರು ನರಗಳು ತರುವ ಸುದ್ದಿಯೂ ಅಲ್ಲಿ ಅದೇ ನರಕೋಶಗಳಿಗೆ ಬಂದು ಸೇರುತ್ತದೆ. ಕತ್ತಿನ ತೊಂದರೆಗೆ ಎಷ್ಟೋ ಜನಕ್ಕೆ ಹಣೆ ನೋಯುವುದು, ಕಣ್ಣಿನ ಹಿಂದೆ ನೋಯುವುದು ಇದರಿಂದಲೇ. ರಾತ್ರಿ ಹಲ್ಲು ಕಡಿಯುವವರಲ್ಲಿ, ದವಡೆಯ ಕೀಲು ನೋಯುವವರಲ್ಲಿ ಕತ್ತು ನೋವೂ ಜೊತೆಗಿರುವುದು ಸಾಮಾನ್ಯ ಎಂಬುದೂ ಸರಿ.

ಆದರೆ ನಂಟು ಇದೆ ಎಂದ ಮಾತ್ರಕ್ಕೆ ಮದ್ದು ಆಗುವುದಿಲ್ಲ. ಬೆಂಗಳೂರಿಗೂ ಮುಂಬೈಗೂ ರೈಲು ಹಳಿ ಇದೆ. ಹಾಗೆಂದು ಯಶವಂತಪುರದಲ್ಲಿ ಹಳಿಯ ಮೇಲೆ ತಟ್ಟಿದರೆ ಕಲ್ಯಾಣದಲ್ಲಿ ನಿಂತ ಗಾಡಿ ಹೊರಡುವುದಿಲ್ಲ. ಕತ್ತಿನಿಂದ ಹೆಗಲಿಗೆ ಹರಡಿದ ಟ್ರೆಪೀಜಿಯಸ್ ಎಂಬ ದೊಡ್ಡ ಸ್ನಾಯುವನ್ನು ಆಡಿಸುವುದು ಹನ್ನೊಂದನೆಯ ಕಪಾಲ ನರ, ಒಸಡಿನ ನರವಲ್ಲ. ಅದು ದಿನವಿಡೀ ಬಿಗಿದು ಕೂರಲು ಕಾರಣವೂ ಬಾಯಲ್ಲಿಲ್ಲ. ತಗ್ಗಿದ ತಲೆಯನ್ನು, ಮುಂದಕ್ಕೆ ಚಾಚಿದ ಎರಡು ತೋಳುಗಳನ್ನು ಅದು ಗಂಟೆಗಟ್ಟಲೆ ಹಿಡಿದು ನಿಲ್ಲಿಸಬೇಕು. ಕತ್ತು ಮತ್ತು ಹೆಗಲ ನೋವಿಗೆ ಡಾಕ್ಟರುಗಳು ಅನುಸರಿಸುವ ಪ್ರಮುಖ ಮಾರ್ಗಸೂಚಿಗಳು ವ್ಯಾಯಾಮದ ಬಗ್ಗೆ, ಕೂರುವ ಬಗೆಯ ಬಗ್ಗೆ ಮಾತಾಡುತ್ತವೆ. ಒಸಡು ತಿಕ್ಕಿ ಎಂದು ಅವು ಹೇಳುವುದಿಲ್ಲ.

"ಹಾಗಾದರೆ ನನಗೆ ಹಗುರಾಗಿದ್ದು ಸುಳ್ಳೇ?" ಎಂದು ನೀವು ಕೇಳುತ್ತೀರಿ. ನನಗೂ ಹಗುರಾಗಿತ್ತು ಎಂದೆನಲ್ಲ, ಅದು ಸುಳ್ಳಲ್ಲ. ಆದರೆ ಆ ನಾಲ್ಕು ನಿಮಿಷ ನಾವು ಏನು ಮಾಡುತ್ತಿದ್ದೆವು ಎಂದು ಒಮ್ಮೆ ನೆನಪಿಸಿಕೊಳ್ಳಿ. ಬಾಯಲ್ಲಿ ಬೆರಳಿಟ್ಟುಕೊಂಡು ಯಾರೂ ಟೈಪ್ ಮಾಡಲಾರರು. ಕೈ ತೊಳೆಯಲು ಕುರ್ಚಿ ಬಿಟ್ಟು ಎದ್ದು ಹೋಗಬೇಕು. ಬಾಯಿ ತೆರೆಯಬೇಕು, ಅಂದರೆ ಕಚ್ಚಿಕೊಂಡ ಹಲ್ಲು ಬಿಡಬೇಕು. ಪರದೆಯಿಂದ ಕಣ್ಣು ತೆಗೆದು ಕನ್ನಡಿ ನೋಡಬೇಕು, ಕೊನೆಗೆ ಹೆಗಲು ಆಡಿಸಿ ನೋಡಬೇಕು. ಮಧ್ಯಾಹ್ನ ಎರಡರಿಂದ ಕಲ್ಲಾಗಿ ಕೂತಿದ್ದ ಹೆಗಲಿಗೆ ಇವೆಲ್ಲ ಚಿಕಿತ್ಸೆಯೇ. ಹೆಗಲು ಸಡಿಲಾದದ್ದು ಕೆಲಸ ಬಿಟ್ಟು ಎದ್ದದ್ದಕ್ಕೆ. ಕೀರ್ತಿ ಹೋದದ್ದು ಒಸಡಿಗೆ. ಜೊತೆಗೆ, ಬಿಗಿತ ಎಂಬುದು ಏರಿಳಿಯುವ ನೋವು. ತುಂಬ ನೋಯುವ ದಿನವೇ ನಾವು ಮದ್ದು ಹುಡುಕುವುದು, ತುಂಬ ನೋಯುವ ದಿನದ ಮಾರನೆಯ ದಿನ ಹೇಗಿದ್ದರೂ ಸ್ವಲ್ಪ ಕಡಿಮೆಯೇ ಇರುತ್ತದೆ. ನಿಜ ತಿಳಿಯಬೇಕಾದರೆ ಅರ್ಧ ಜನ ಒಸಡು ತಿಕ್ಕಬೇಕು, ಇನ್ನರ್ಧ ಜನ ಅಷ್ಟೇ ಹೊತ್ತು ಎದ್ದು ಹೋಗಿ ಸುಮ್ಮನೆ ಬಾಯಿ ಮುಕ್ಕಳಿಸಬೇಕು. ಎರಡು ಗುಂಪಿಗೂ ಸಮನಾಗಿ ಹಗುರಾದರೆ ಒಸಡಿಗೆ ಕೊಡುವ ಮರ್ಯಾದೆಯನ್ನು ವಾಶ್‌ಬೇಸಿನ್‌ಗೂ ಕೊಡಬೇಕಾಗುತ್ತದೆ.

ದೇಹದ ಯಾವುದೋ ಮೂಲೆಯ ನೋವಿಗೆ ಬಾಯನ್ನು ಹೊಣೆ ಮಾಡುವುದು ಹೊಸ ಹುಚ್ಚೇನಲ್ಲ. ಸೋಸೆಕಿ ಆ ಕಾದಂಬರಿ ಬರೆದ 1910ರಲ್ಲೇ ವಿಲಿಯಂ ಹಂಟರ್ ಎಂಬ ಲಂಡನ್ನಿನ ವೈದ್ಯ ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದು ಭಾಷಣ ಮಾಡಿದ. ಹಲ್ಲಿನ ಬುಡದ ಕೀವು, ಸೋಂಕುಗಳೇ ದೇಹದ ಅನೇಕ ದೂರದ ಕಾಯಿಲೆಗಳಿಗೆ ಮೂಲ ಎಂಬುದು ಅವನ ವಾದ. ಷಿಕಾಗೋದ ಫ್ರಾಂಕ್ ಬಿಲ್ಲಿಂಗ್ಸ್ ಅದನ್ನು ಅಮೆರಿಕದಲ್ಲಿ ಬೆಳೆಸಿದ. ಮುಂದಿನ ಇಪ್ಪತ್ತು ಮೂವತ್ತು ವರ್ಷ ಕೀಲು ನೋವಿಗೆ, ವಾತಕ್ಕೆ, ಸುಸ್ತಿಗೆ ಎಂದು ಜನರ ಗಟ್ಟಿ ಹಲ್ಲುಗಳನ್ನೆಲ್ಲ ಕಿತ್ತರು. ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್ ಹುಚ್ಚಿಗೂ ಹಲ್ಲೇ ಕಾರಣ ಎಂದು ನಂಬಿ ರೋಗಿಗಳ ಸಾವಿರಾರು ಹಲ್ಲು ಕಿತ್ತ. ಅಲ್ಲಿಗೆ ನಿಲ್ಲದೆ ಕರುಳಿಗೂ ಕತ್ತರಿ ಹಾಕಿದ, ಎಷ್ಟೋ ಜನ ಸತ್ತರು. ಅವನು ಮೋಸಗಾರನಾಗಿರಲಿಲ್ಲ, ತನ್ನ ಮಕ್ಕಳ ಹಲ್ಲನ್ನೂ ಕೀಳಿಸಿದ್ದ. ನಂಬಿಕೆ ಅಷ್ಟು ಪ್ರಾಮಾಣಿಕವಾಗಿತ್ತು, ಅಷ್ಟೇ ತಪ್ಪಾಗಿತ್ತು.

ಆ ಗಾಳಿ ಇಳಿದದ್ದು ಯಾರೋ ಲೆಕ್ಕ ಹಾಕಿದ ಮೇಲೆ. 1938ರಲ್ಲಿ ಸೆಸಿಲ್ ಮತ್ತು ಆಂಜೆವೈನ್ ಎಂಬ ಇಬ್ಬರು ವೈದ್ಯರು ಸಂಧಿವಾತದ 200 ರೋಗಿಗಳ ಕತೆಯನ್ನು ಕೂತು ಪರಿಶೀಲಿಸಿದರು. ಹಲ್ಲು, ಟಾನ್ಸಿಲ್ ತೆಗೆಸಿಕೊಂಡದ್ದರಿಂದ ಕೀಲು ನೋವು ವಾಸಿಯಾಗುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ವಿಶೇಷವೆಂದರೆ ಸೆಸಿಲ್ ಹಿಂದೆ ಸ್ವತಃ ಆ ವಾದದ ಪರವಾಗಿದ್ದವರು. ಹಲ್ಲು ಕೀಳುವುದಕ್ಕೂ ಒಸಡು ನೀವುವುದಕ್ಕೂ ಅಜಗಜಾಂತರ, ನಿಜ. ಆದರೆ ಎರಡರ ಹಿಂದಿರುವ ಯೋಚನೆ ಒಂದೇ: ಬಾಯಿ ದೇಹದ ಸ್ವಿಚ್ ಬೋರ್ಡು, ಸರಿಯಾದ ಗುಂಡಿ ಒತ್ತಿದರೆ ಎಲ್ಲೋ ದೀಪ ಹತ್ತುತ್ತದೆ.

ಇನ್ನು ನನ್ನ ಮುಖ್ಯ ಮಾತು. ಒಸಡಿಗೂ ಹೆಗಲಿಗೂ ನಿಜವಾದ ಒಂದು ನಂಟಿದೆ. ಅದು ನರದಲ್ಲಿಲ್ಲ, ರಕ್ತದಲ್ಲಿದೆ. ಆ ನಂಟಿನ ಹೆಸರು ಸಕ್ಕರೆ.

ಮಧುಮೇಹ ಇರುವವರಿಗೆ ಒಸಡಿನ ಕಾಯಿಲೆ ಬರುವ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಮೂರು ಪಟ್ಟು. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿ, ಗಾರೆಯ ಹಾಗೆ ಗಟ್ಟಿಯಾಗಿ, ಒಸಡು ಊದಿ, ಮುಟ್ಟಿದರೆ ರಕ್ತ ಬಂದು, ಕೊನೆಗೆ ಹಲ್ಲನ್ನು ಹಿಡಿದ ಮೂಳೆಯೇ ಸವೆಯುತ್ತದೆ. ಆರೋಗ್ಯವಾಗಿರುವ ಒಸಡು ಬೆರಳು ತಾಗಿದ್ದಕ್ಕೆ ರಕ್ತ ಸುರಿಸುವುದಿಲ್ಲ. ಭಾವ 'ಕೆಟ್ಟ ರಕ್ತ' ಎಂದು ಉಗುಳಿದ್ದು ಕಾಯಿಲೆಯ ಪತ್ರವನ್ನು. ಬೆರಳಿನಿಂದ ತಿಕ್ಕಿದರೆ ಆ ಗಾರೆ ಹೋಗುವುದಿಲ್ಲ, ಅದಕ್ಕೆ ಡಾಕ್ಟರು ಮಾಡುವ ಸ್ಕೇಲಿಂಗೇ ಬೇಕು. ಈ ನಂಟು ಎರಡೂ ದಿಕ್ಕಿಗೆ ಹರಿಯುತ್ತದೆ: ಮಧುಮೇಹಿಗಳ ಒಸಡಿನ ಕಾಯಿಲೆಗೆ ಸರಿಯಾಗಿ ಚಿಕಿತ್ಸೆ ಮಾಡಿದರೆ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸುಮಾರು 0.4ರಷ್ಟು ಇಳಿಯುತ್ತದೆ ಎಂದು 2022ರ ಕಾಕ್ರೇನ್ ವಿಮರ್ಶೆ ಹಲವಾರು ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ಹೇಳಿತು. ಬಾಯಿಗೂ ದೇಹಕ್ಕೂ ನಂಟು ಇದೆ ಎನ್ನುವುದನ್ನು ಸಾಬೀತು ಮಾಡುವ ರೀತಿ ಇದು. ಅಳೆದು, ಹೋಲಿಸಿ, ಎಷ್ಟು ಎಂದು ಹೇಳಿ.

ಹೆಗಲ ಕಡೆ ನೋಡಿ. ಫ್ರೋಜನ್ ಶೋಲ್ಡರ್ ಎಂದರೆ ಭುಜದ ಕೀಲನ್ನು ಸುತ್ತಿದ ಚೀಲ ದಪ್ಪಗಾಗಿ, ಕುಗ್ಗಿ, ಕೀಲನ್ನು ಕಟ್ಟಿಹಾಕುವುದು. ಸಾಮಾನ್ಯ ಜನರಲ್ಲಿ ಇದು ನೂರಕ್ಕೆ ಎರಡರಿಂದ ಐದು ಜನಕ್ಕೆ ಬಂದರೆ ಮಧುಮೇಹಿಗಳಲ್ಲಿ ನೂರಕ್ಕೆ ಹತ್ತು ಜನಕ್ಕೂ ಮೀರಿ ಬರುತ್ತದೆ. ಬಂದರೆ ಒಂದರಿಂದ ಮೂರು ವರ್ಷ ಕಾಡುತ್ತದೆ. ಜಪಾನಿನಲ್ಲಿ ಇದಕ್ಕೆ ಗೊಜೂಕತ ಎನ್ನುತ್ತಾರೆ, ಐವತ್ತರ ಭುಜ ಎಂದರ್ಥ. ಮುದ್ದಾದ ಹೆಸರು, ಆದರೆ ವಯಸ್ಸಾಯಿತು ಬಿಡಿ ಎಂದು ತಳ್ಳಿಹಾಕಲು ಅನುಕೂಲವಾದ ಹೆಸರೂ ಹೌದು. ನಮ್ಮವರೂ ಅದನ್ನೇ ಹೇಳುತ್ತಾರೆ: ಐವತ್ತು ದಾಟಿತಲ್ಲ, ವಾಯು.

ಸಾಮಾನ್ಯ ಬಿಗಿತಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಸ್ನಾಯು ಬಿಗಿದಿದ್ದರೆ ನೀವು ಎತ್ತಲಾರದ ಕೈಯನ್ನು ಇನ್ನೊಬ್ಬರು ಮೆಲ್ಲಗೆ ಎತ್ತಬಹುದು. ಕೀಲಿನ ಚೀಲವೇ ಕುಗ್ಗಿದ್ದರೆ ಅವರು ಎತ್ತಿದರೂ ಒಂದು ಹಂತದಲ್ಲಿ ಬಾಗಿಲಿಗೆ ತಾಗಿದ ಹಾಗೆ ನಿಲ್ಲುತ್ತದೆ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ಮುಂಗೈಯನ್ನು ಹೊರಕ್ಕೆ ತಿರುಗಿಸಲು ಆಗುವುದಿಲ್ಲ. ಬೆನ್ನ ಹಿಂದೆ ಕೈ ಹೋಗುವುದಿಲ್ಲ. ಗಂಡಸರಿಗೆ ಹಿಂದಿನ ಜೇಬು, ಹೆಂಗಸರಿಗೆ ಬ್ಲೌಸಿನ ಹುಕ್ಕು ಎಟುಕುವುದಿಲ್ಲ. ಇದು ಕಂಡರೆ ಮೂಳೆ ಡಾಕ್ಟರ ಹತ್ತಿರ ಹೋಗಿ, ಹೋಗುವ ದಾರಿಯಲ್ಲಿ ಶುಗರಿಗೆ ರಕ್ತ ಕೊಟ್ಟು ಹೋಗಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಇವರಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತೇ ಇಲ್ಲ. ಅಂಥ ದೇಶದಲ್ಲಿ ರಕ್ತ ಬರುವ ಒಸಡೂ ಏಳದ ಹೆಗಲೂ ಒಟ್ಟಿಗೆ ಇರುವ ಐವತ್ತರ ಮನುಷ್ಯನಿಗೆ 'ಒಂದನ್ನು ತಿಕ್ಕಿ ಇನ್ನೊಂದನ್ನು ವಾಸಿ ಮಾಡಿಕೊಳ್ಳಿ' ಎನ್ನುವುದು, ಮನೆಯ ಎರಡು ಕೋಣೆಯಲ್ಲಿ ಹೊಗೆ ಕಾಣಿಸಿದಾಗ ಒಂದರ ಹೊಗೆಯನ್ನು ಇನ್ನೊಂದಕ್ಕೆ ಬೀಸಿದ ಹಾಗೆ.

ಇದಕ್ಕಿಂತ ಅವಸರದ ಅಪಾಯ ಇನ್ನೊಂದಿದೆ. ದವಡೆ ಮತ್ತು ಹೆಗಲು ಎರಡೂ ಒಟ್ಟಿಗೆ ನೋಯುವ ಒಂದು ಕಾಯಿಲೆ ಎಲ್ಲ ಡಾಕ್ಟರಿಗೂ ಗೊತ್ತು: ಹೃದಯಾಘಾತ. ಎದೆ ನೋವಿನ ಜೊತೆಗೆ, ಕೆಲವೊಮ್ಮೆ ಎದೆ ನೋವೇ ಇಲ್ಲದೆ, ದವಡೆ, ಕತ್ತು, ಹೆಗಲು, ಎಡ ತೋಳುಗಳಲ್ಲಿ ನೋವು ಕಾಣಿಸಬಹುದು. ಹೆಂಗಸರಲ್ಲಿ, ಮಧುಮೇಹಿಗಳಲ್ಲಿ ಹೀಗೆ ವೇಷ ಮರೆಸಿಕೊಂಡು ಬರುವುದು ಹೆಚ್ಚು. ಮೆಟ್ಟಿಲು ಹತ್ತಿದಾಗ ಬಂದು ಕೂತಾಗ ಹೋಗುವ ದವಡೆ ನೋವು, ಬೆವರು, ವಾಕರಿಕೆ, ಉಸಿರು ಸಿಕ್ಕಿಕೊಂಡಂತಾಗುವುದು, ಇವುಗಳ ಜೊತೆ ಹೆಗಲು ಹಿಡಿದರೆ ಅದು ಒಸಡಿನ ವಿಷಯವಲ್ಲ, ಆಸ್ಪತ್ರೆಯ ವಿಷಯ. ದವಡೆಗೂ ಹೆಗಲಿಗೂ ಸಂಬಂಧವಿದೆ ಎಂದು ಜನರಿಗೆ ಕಲಿಸುವ ವಿಡಿಯೋ ಈ ಒಂದು ಸಂಬಂಧವನ್ನು ಹೇಳದೆ ಬಿಟ್ಟರೆ ಅದನ್ನು ಆರೋಗ್ಯ ಶಿಕ್ಷಣ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಈಗ ಆಕ್ಷೇಪಗಳು. ನಮ್ಮ ಹಿರಿಯರೂ ಮಾಡುತ್ತಿದ್ದರಲ್ಲ ಎಂದು ಕೆಲವರು ಹೇಳುತ್ತಾರೆ. ಉಪ್ಪು, ಮಾವಿನೆಲೆ, ಬೇವಿನ ಕಡ್ಡಿ ಹಿಡಿದು ಒಸಡು ತಿಕ್ಕುತ್ತಿದ್ದರು ನಿಜ, ಅದು ಹಲ್ಲಿಗೆ. ಬಾಯಲ್ಲಿ ಎಣ್ಣೆ ತುಂಬಿಕೊಳ್ಳುವ ಗಂಡೂಷವನ್ನು ಚರಕ ಸಂಹಿತೆ ಹೊಗಳುವುದು ದವಡೆಯ ಬಲಕ್ಕೆ, ಸ್ವರಕ್ಕೆ, ರುಚಿಗೆ, ಹಲ್ಲು ಗಟ್ಟಿಯಾಗಲಿಕ್ಕೆ. ಹೆಗಲಿನ ಮಾತು ಅಲ್ಲಿ ಬರುವುದಿಲ್ಲ. ತೋಳು ಎತ್ತಲಾಗದ ಕಾಯಿಲೆಗೆ ಆಯುರ್ವೇದ ಅವಬಾಹುಕ ಎಂದು ಬೇರೆ ಹೆಸರಿಟ್ಟು, ಬೇರೆಯೇ ಚಿಕಿತ್ಸೆ ಹೇಳುತ್ತದೆ. ಆ ಚಿಕಿತ್ಸೆ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ, ಆದರೆ ಹಳಬರು ಹಲ್ಲನ್ನೂ ಹೆಗಲನ್ನೂ ಕಲಸಿರಲಿಲ್ಲ. ಕಲಸಿದ್ದು ನಾವು.

ಪುಕ್ಕಟೆ ತಾನೇ, ಮಾಡಿದರೆ ಏನು ನಷ್ಟ ಎನ್ನುವುದು ಎರಡನೆಯ ಆಕ್ಷೇಪ. ಭಾವ ಕಳೆದುಕೊಂಡದ್ದು ನಾಲ್ಕು ತಿಂಗಳು. ಹೆಗಲ ಕೀಲು ದಿನದಿಂದ ದಿನಕ್ಕೆ ಕಟ್ಟಿಕೊಳ್ಳುತ್ತಿದ್ದ ನಾಲ್ಕು ತಿಂಗಳು, ಸಕ್ಕರೆ ಸದ್ದಿಲ್ಲದೆ ಒಸಡನ್ನು ತಿನ್ನುತ್ತಿದ್ದ ನಾಲ್ಕು ತಿಂಗಳು. ಸುಮ್ಮನೆ ಇದ್ದಿದ್ದರೆ ಬೇಸತ್ತು ಎರಡನೇ ತಿಂಗಳಿಗೇ ಡಾಕ್ಟರ ಹತ್ತಿರ ಹೋಗುತ್ತಿದ್ದರೇನೋ. ಏನೋ ಮಾಡುತ್ತಿದ್ದೇನೆ ಎಂಬ ಸಮಾಧಾನ ಅವರನ್ನು ಮನೆಯಲ್ಲೇ ಕೂರಿಸಿತು. ಪುಕ್ಕಟೆ ಮದ್ದಿನ ಬೆಲೆ ಹೀಗೆ ತಡವಾಗಿ ಬರುವ ಬಿಲ್ಲಿನಲ್ಲಿರುತ್ತದೆ.

ಮೂರನೆಯ ಮಾತು ನನಗೆ ಎಲ್ಲಕ್ಕಿಂತ ಕಸಿವಿಸಿ ಮಾಡುವಂಥದ್ದು. ಕಾಯಿಲೆಯಿಲ್ಲದ ಶುದ್ಧ ಬಿಗಿತವೇ ಆಗಿದ್ದರೂ, ಅದು ಯಾರ ಹೊಣೆ? ಲ್ಯಾಪ್‌ಟಾಪನ್ನೇ ನೋಡಿ. ಪರದೆ ಮತ್ತು ಕೀಲಿಮಣೆ ಒಂದಕ್ಕೊಂದು ಅಂಟಿಕೊಂಡಿವೆ. ಪರದೆ ಕಣ್ಣಿನ ಮಟ್ಟಕ್ಕೆ ಬಂದರೆ ಕೈ ಮೇಲೇರುತ್ತದೆ, ಕೀಲಿಮಣೆ ಕೈ ಮಟ್ಟಕ್ಕೆ ಬಂದರೆ ತಲೆ ತಗ್ಗುತ್ತದೆ. ಎರಡನ್ನೂ ಸರಿಯಾಗಿಡಲು ಸಾಧ್ಯವೇ ಇಲ್ಲದ ಯಂತ್ರವನ್ನು ಕೊಟ್ಟು, ಹಾಸ್ಟೆಲಿನ ಮಂಚದ ಮೇಲೋ ಪೇಯಿಂಗ್ ಗೆಸ್ಟ್ ಕೋಣೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೋ ದಿನಕ್ಕೆ ಹತ್ತು ಗಂಟೆ ಕೂರಿಸಿ, ಕೊನೆಗೆ ನಿನ್ನ ಒಸಡಲ್ಲಿದೆ ಪರಿಹಾರ ಎಂದರೆ ಅದಕ್ಕಿಂತ ಅಗ್ಗದ ಪರಿಹಾರ ಯಾವ ಕಂಪನಿಗೆ ಸಿಕ್ಕೀತು? ಕುರ್ಚಿ ಬದಲಿಸಬೇಕಿಲ್ಲ, ಗಂಟೆ ಇಳಿಸಬೇಕಿಲ್ಲ. ಬೆರಳು ನೌಕರನದೇ, ಬಾಯಿಯೂ ಅವನದೇ. ಆ ಬೆರಳು ಬಾಯಲ್ಲಿರುವಷ್ಟು ಹೊತ್ತು ದೂರೂ ಹೊರಬರುವುದಿಲ್ಲ.

ಉಪಾಯ ಕಳಿಸಿದ ಜಪಾನ್ ತಾನೇ ಒಸಡನ್ನು ನಂಬಿ ಕೂರಲಿಲ್ಲ. ಅತಿಯಾದ ಕೆಲಸದಿಂದ ಬರುವ ಸಾವಿಗೆ ಕರೋಶಿ ಎಂಬ ಹೆಸರನ್ನೇ ಇಡಬೇಕಾಗಿ ಬಂದ ಆ ದೇಶ 2018ರಲ್ಲಿ ಕಾನೂನು ಮಾಡಿ, 2019ರ ಏಪ್ರಿಲ್‌ನಿಂದ ಹೆಚ್ಚುವರಿ ದುಡಿಮೆಗೆ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360 ಗಂಟೆಯ ಸಾಮಾನ್ಯ ಮಿತಿ ಹಾಕಿತು. ಅದರಲ್ಲೂ ವಿನಾಯಿತಿಯ ಕಿಂಡಿಗಳಿವೆ, ಇರಲಿ. ನಮ್ಮಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ಅದನ್ನು ಹೊತ್ತುಕೊಳ್ಳುವ ಹೆಗಲಿನ ಬಗ್ಗೆ ಯಾರೂ ಕೇಳಲಿಲ್ಲ. ನಾವು ಜಪಾನಿನಿಂದ ತರಿಸಿಕೊಳ್ಳಬೇಕಾಗಿದ್ದು ಗಂಟೆಗಳ ಮಿತಿಯನ್ನು. ತರಿಸಿಕೊಂಡದ್ದು ಒಸಡಿನ ವಿಡಿಯೋವನ್ನು.

ಬರಿದೇ ಬೈದು ಹೋದೆ ಎನ್ನಬೇಡಿ. ಬಿಗಿದ ಹೆಗಲಿಗೆ ಪರೀಕ್ಷೆಯಲ್ಲಿ ಗೆದ್ದ ಮದ್ದಿದೆ, ಅದೂ ಹೆಚ್ಚು ಕಡಿಮೆ ಪುಕ್ಕಟೆ. 2011ರಲ್ಲಿ ಡೆನ್ಮಾರ್ಕಿನ ಲಾರ್ಸ್ ಆಂಡರ್ಸನ್ ಮತ್ತು ಸಂಗಡಿಗರು ಪದೇ ಪದೇ ಕತ್ತು, ಹೆಗಲು ನೋವು ಬರುವ 198 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ದಿನಕ್ಕೆ ಎರಡು ನಿಮಿಷ ರಬ್ಬರ್ ಪಟ್ಟಿಯನ್ನು ಪಾದದಡಿ ಹಿಡಿದು ತೋಳುಗಳನ್ನು ಪಕ್ಕಕ್ಕೆ ಎತ್ತುವ ವ್ಯಾಯಾಮ ಮಾಡಿತು, ಇನ್ನೊಂದು ಹನ್ನೆರಡು ನಿಮಿಷ, ಮೂರನೆಯದು ಮಾಡಲಿಲ್ಲ. ಹತ್ತು ವಾರದ ಮೇಲೆ ವ್ಯಾಯಾಮ ಮಾಡಿದ ಎರಡೂ ಗುಂಪಿನಲ್ಲಿ ನೋವು ಇಳಿದಿತ್ತು. ಎರಡು ನಿಮಿಷ ಸಾಕು. ಒಸಡು ತಿಕ್ಕಲು ಹೇಳುವ ಹೊತ್ತಿನ ಅರ್ಧ. ಅದರ ಜೊತೆಗೆ ಲ್ಯಾಪ್‌ಟಾಪಿನ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು, ಬೇರೆ ಕೀಲಿಮಣೆ ಕೇಳಿ ಪಡೆಯಿರಿ. ಕೇಳುವುದು ಭಿಕ್ಷೆಯಲ್ಲ, ಅದು ಕೆಲಸದ ಸಾಮಾನು. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ. ಬೇಕಿದ್ದರೆ ಎದ್ದಾಗ ಒಸಡನ್ನೂ ತಿಕ್ಕಿಕೊಳ್ಳಿ, ನನ್ನದೇನೂ ಅಡ್ಡಿಯಿಲ್ಲ. ಬೆರಳಿಗೆ ರಕ್ತ ಅಂಟಿದರೆ ಮಾತ್ರ ಅಲ್ಲಿಗೆ ನಿಲ್ಲಿಸಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿ.

ಮುಂದಿನ ಸಲ ಆ ವಿಡಿಯೋ ನಿಮ್ಮ ಗುಂಪಿಗೆ ಬಂದರೆ ಅದನ್ನು ಮುಂದಕ್ಕೆ ತಳ್ಳುವ ಬದಲು ಕಳಿಸಿದವರಿಗೆ ನಾಲ್ಕು ಪ್ರಶ್ನೆ ಕಳಿಸಿ. ಕೈ ಬೆನ್ನ ಹಿಂದೆ ಹೋಗುತ್ತದೆಯೇ? ಒಸಡಲ್ಲಿ ರಕ್ತ ಬರುತ್ತದೆಯೇ? ಶುಗರ್ ನೋಡಿಸಿ ಎಷ್ಟು ದಿನವಾಯಿತು? ದಿನಕ್ಕೆ ಎಷ್ಟು ಗಂಟೆ ಕೂತಿರುತ್ತೀರಿ? ನಾನು ಅಂದು ಭಾವನಿಗೆ ಈ ನಾಲ್ಕರಲ್ಲಿ ಒಂದನ್ನು ಕೇಳಿದ್ದರೂ ಸಾಕಿತ್ತು.

ಭಾವ ಈಗ ಮಾತ್ರೆ ತೆಗೆದುಕೊಳ್ಳುತ್ತಾರೆ, ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ಹೋಗುತ್ತಾರೆ. ಕೈ ಕಿವಿಯ ಮಟ್ಟಕ್ಕೆ ಬಂದಿದೆ, ರೈಲಿನ ಹಿಡಿಕೆ ಇನ್ನೂ ಎಟುಕಿಲ್ಲ. ಎರಡು ಹಲ್ಲಿನಲ್ಲಿ ಒಂದು ಉಳಿಯಿತು. ಮೊನ್ನೆ ಹೋದಾಗ ಅಕ್ಕ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಲೇ ತನ್ನ ಎಡ ಹೆಗಲನ್ನು ಒತ್ತಿಕೊಳ್ಳುತ್ತಿದ್ದಳು. "ಯಾವಾಗಿಂದ?" ಎಂದೆ. "ನನ್ನದೇನು ಬಿಡೋ, ಯಾವಾಗಲೂ ಇರೋದೇ," ಎಂದಳು. ನಾಲ್ಕು ಪ್ರಶ್ನೆಯನ್ನೂ ಅವಳಿಗೆ ಕೇಳಿದೆ. ಮೂರನೆಯದಕ್ಕೆ ಅವಳಲ್ಲಿ ಉತ್ತರವಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ತಿಂಡಿಗೆ ಮುಂಚೆ ಅವಳನ್ನು ಲ್ಯಾಬಿಗೆ ಕರೆದುಕೊಂಡು ಹೋದೆ.